ಅರ್ಜಿಯಲ್ಲಿ ವಾಹನ ಸಂಖ್ಯೆ ಕೇಳಿದ್ದಿರಿ: ಹೆದ್ದಾರಿ ಕಟ್ಟುವವರಿಗೆ ಒಂದು ಬಹಿರಂಗ ಪತ್ರ

ಹೆದ್ದಾರಿಗಳ ನಕ್ಷೆ ಬರೆಯುವ, ಕಟ್ಟುವ, ನೋಡಿಕೊಳ್ಳುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಕೊಂಡು ಹೋಗುತ್ತಿದ್ದೇನೆ. ಕ್ಯಾನ್ಸರ್ ಬಂದ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸುವ ನಡಿಗೆ ಇದು. ಮಕ್ಕಳ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು ನಾನು. ಕೆಲಸ ಬಿಟ್ಟ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ, ಹೊರಟೆ. ಇವತ್ತಿಗೆ 43 ದಿನ. ಇದನ್ನು ಬರೆಯುವಾಗ ನನ್ನ ಎರಡೂ ಕಾಲು ಬಕೆಟ್ಟಿನ ತಣ್ಣೀರಿನಲ್ಲಿವೆ.

ನಿಮ್ಮ ಹತ್ತಿರ ಹಣ ಕೇಳುತ್ತಿಲ್ಲ. ಅದನ್ನು ದಾರಿಯುದ್ದಕ್ಕೂ ಕೇಳುತ್ತಿದ್ದೇನೆ, ಜನ ಕೊಡುತ್ತಲೂ ಇದ್ದಾರೆ. ನಿಮ್ಮಿಂದ ಬೇಕಾದದ್ದು ಬೇರೆ. ರಸ್ತೆಯ ಅಂಚಿನಲ್ಲಿ ಒಬ್ಬ ಮನುಷ್ಯ ನಡೆಯುವಷ್ಟು ಜಾಗ.

ಹೊರಡೋ ಮೊದಲು ಅನುಮತಿಗೆ ಅರ್ಜಿ ಹಾಕಿದ್ದೆ. ಕಚೇರಿಯ ಹೆಸರು ಬೇಡ, ಅಲ್ಲಿ ಕೂತಿದ್ದವರು ಒಳ್ಳೆಯವರೇ. ಅರ್ಜಿಯಲ್ಲಿ ವಾಹನ ಸಂಖ್ಯೆ, ವಾಹನದ ಬಗೆ, ಚಾಲಕನ ಲೈಸೆನ್ಸು, ಗಂಟೆಗೆ ಎಷ್ಟು ವೇಗ ಅಂತೆಲ್ಲ ಕಾಲಂ ಇತ್ತು. ನಡೆದು ಹೋಗುವವರಿಗೆ ಒಂದು ಕಾಲಂ ಇರಲಿಲ್ಲ. ವಾಹನದ ಬಗೆ ಅನ್ನೋ ಕಡೆ 'ಎರಡು ಕಾಲು' ಅಂತ ಬರೆದೆ. ವೇಗ 5 ಕಿಲೋಮೀಟರ್ ಅಂತ ತುಂಬಿದೆ. ಅರ್ಜಿ ವಾಪಸ್ ಬಂತು. ಹಿಂದೆ ಬರುವ ಸಹಾಯದ ಕಾರಿನ ವಿವರ ಹಾಕಿ ಅಂದರು. ನನ್ನ ತಮ್ಮ ಓಡಿಸುವ ಹಳೇ ಕಾರಿನ ನಂಬರ್ ಹಾಕಿದೆ. ತಕ್ಷಣ ಅನುಮತಿ ಸಿಕ್ಕಿತು. ಅಂದರೆ ನಿಮ್ಮ ಕಡತದ ಪ್ರಕಾರ ಈ ದೇಶವನ್ನು ದಾಟುತ್ತಿರುವುದು ಆ ಕಾರು. ನಾನಲ್ಲ.

ನಗು ಬಂತು ಆಗ. ಈಗ ಅಷ್ಟು ಬರುತ್ತಿಲ್ಲ. ಯಾಕೆ ಅಂತ ಹೇಳಲು ನಿನ್ನೆಯ ಒಂದು ದಿನ ಸಾಕು.

ಬೆಳಗ್ಗೆ ನಾಲ್ಕಕ್ಕೆ ಎದ್ದೆ. ಮೊದಲ ಕೆಲಸ ಪಾದ ನೋಡಿಕೊಳ್ಳುವುದು. ಬೊಬ್ಬೆ ಏಳುವುದು ಜಾಸ್ತಿ ನಡೆದದ್ದಕ್ಕೇ ಅಲ್ಲ. ಚರ್ಮ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಳೆದಾಡಿದ್ದಕ್ಕೆ. ಕಾಲುಚೀಲ ಒದ್ದೆಯಾದರೆ ಇನ್ನೂ ಬೇಗ ಏಳುತ್ತದೆ. ಎಲ್ಲಿ ಕೆಂಪಗಾಗಿ ಬಿಸಿ ಅನಿಸುತ್ತೋ ಅಲ್ಲಿಗೆ ಆಗಲೇ ಟೇಪ್ ಅಂಟಿಸಬೇಕು, ಸಂಜೆ ನೋಡೋಣ ಅಂದರೆ ಕೆಟ್ಟಿತು. ಮೊದಲ ವಾರ ನಾನೇ ಈ ತಪ್ಪು ಮಾಡಿದೆ. ಬೇರೆಯವರ ಗಾಯಕ್ಕೆ ಪಟ್ಟಿ ಕಟ್ಟುವುದೇ ಕೆಲಸವಾಗಿದ್ದವಳಿಗೆ ಸ್ವಂತ ಹಿಮ್ಮಡಿ ಕಾಣಲಿಲ್ಲ. ಈಗ ಶೂ ಒಂದು ಸೈಜು ದೊಡ್ಡದು, ಮಧ್ಯಾಹ್ನದ ಹೊತ್ತಿಗೆ ಕಾಲು ಊದಿಕೊಳ್ಳುತ್ತದೆ ಅಂತ.

ಐದಕ್ಕೆ ರಸ್ತೆಗೆ ಇಳಿದೆ. ಬೆಳಕು ಬಿದ್ದರೆ ಹೊಳೆಯುವ ಜಾಕೆಟ್, ಹಣೆಗೆ ಲೈಟು. ವಾಹನಗಳಿಗೆ ಎದುರಾಗಿ ನಡೆಯುತ್ತೇನೆ, ಬೆನ್ನು ಕೊಟ್ಟು ಅಲ್ಲ. ಇದು ನನ್ನ ಸ್ವಂತ ಬುದ್ಧಿಯೇನಲ್ಲ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದವೂ ಊರಿನಾಚೆಯ ರಸ್ತೆಯಲ್ಲಿ ನಡೆಯುವವರಿಗೆ ಹೇಳುವುದು ಇದನ್ನೇ. ಬರುವುದು ಕಣ್ಣಿಗೆ ಕಂಡರೆ ಪಕ್ಕಕ್ಕೆ ಸರಿಯಬಹುದು ಅನ್ನೋದು ಲೆಕ್ಕ. ಆದರೆ ಸರಿಯೋಕೆ ಪಕ್ಕ ಅಂತ ಒಂದು ಇರಬೇಕಲ್ವಾ?

ನಿಮ್ಮ ರಸ್ತೆಯ ಪಕ್ಕ ಹೇಗಿದೆ ಅಂತ ಹೇಳುತ್ತೇನೆ. ನೀವು ಅದನ್ನು ಕಾರಿನ ಕಿಟಕಿಯಿಂದ ನೋಡಿರುತ್ತೀರಿ, ನಾನು ಪಾದದಿಂದ ನೋಡಿದ್ದೇನೆ. ಬಿಳಿ ಗೆರೆ. ಅದರಾಚೆ ಒಂದು ಗೇಣು ಡಾಂಬರು. ಆಮೇಲೆ ಥಟ್ಟನೆ ಒಂದು ಮೆಟ್ಟಿಲಿನಷ್ಟು ತಗ್ಗು. ಪ್ರತಿ ಸಲ ಹೊಸ ಡಾಂಬರು ಹಾಕಿದಾಗ ರಸ್ತೆ ಏರುತ್ತದೆ, ಅಂಚಿನ ಮಣ್ಣು ಇದ್ದಲ್ಲೇ ಇರುತ್ತದೆ. ಆ ತಗ್ಗಿನಲ್ಲಿ ಸಡಿಲ ಜಲ್ಲಿ, ಒಡೆದ ಗಾಜು, ಹರಿದ ಟೈರಿನ ಚೂರು. ಆ ಟೈರಿನೊಳಗಿನ ತಂತಿ ಶೂ ಅಡಿಯನ್ನೂ ತೂರಿಕೊಂಡು ಬರುತ್ತದೆ, ನಂಬಿ.

ಡಾಂಬರಿನ ಮೇಲೆ ನಡೆದರೆ ಇನ್ನೊಂದು ಕಥೆ. ಮಳೆನೀರು ಹರಿದು ಹೋಗಲಿ ಅಂತ ನೀವು ರಸ್ತೆಗೆ ವಾಟ ಕೊಡುತ್ತೀರಿ. ನೀವು ಕ್ಯಾಂಬರ್ ಅನ್ನುತ್ತೀರಿ. ಒಂದು ಮೀಟರ್ ಅಗಲಕ್ಕೆ ಎರಡು, ಎರಡೂವರೆ ಸೆಂಟಿಮೀಟರ್ ಇಳಿಜಾರು. ಕಾರಿನಲ್ಲಿ ಕೂತವರಿಗೆ ಗೊತ್ತೇ ಆಗದು. ನಡೆಯುವವಳಿಗೆ ಒಂದು ಪಾದ ಸದಾ ಇನ್ನೊಂದಕ್ಕಿಂತ ಚೂರು ತಗ್ಗಿನಲ್ಲಿ ಬೀಳುತ್ತದೆ, ಎರಡು ಪಾದವೂ ಒಂದೇ ಕಡೆಗೆ ವಾಲುತ್ತವೆ. ನಿನ್ನೆ ನಡೆದದ್ದು 29 ಕಿಲೋಮೀಟರ್, ಹತ್ತಿರ ಹತ್ತಿರ 40,000 ಹೆಜ್ಜೆ. ಎದುರಾಗಿಯೇ ನಡೆಯಬೇಕು ಅಂದಮೇಲೆ ಬದಿ ಬದಲಾಯಿಸುವ ಹಾಗೂ ಇಲ್ಲ. 43 ದಿನದಿಂದ ಒಂದೇ ಕಡೆಗೆ ವಾಲಿಕೊಂಡು ದೇಶ ದಾಟುತ್ತಿದ್ದೇನೆ. ಸೊಂಟದ ಒಂದು ಬದಿ, ಅದೇ ಕಾಲಿನ ಮಂಡಿಯ ಹೊರಭಾಗ, ಇವೆರಡು ರಾತ್ರಿ ಮಲಗಿದ ಮೇಲೂ ನಡೆಯುತ್ತಲೇ ಇರುತ್ತವೆ. ನೀರಿಗೆ ಇಷ್ಟು ಯೋಚನೆ ಮಾಡಿದ್ದೀರಿ. ಕಾಲಿಗೂ ಒಂಚೂರು ಮಾಡಿ.

ಲಾರಿ ಬಂದಾಗ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಮೊದಲು ಗಾಳಿ ಎದೆಗೆ ಗುದ್ದಿ ಹೊರಕ್ಕೆ ತಳ್ಳುತ್ತದೆ. ಲಾರಿ ದಾಟುತ್ತಿದ್ದ ಹಾಗೆ ಅದೇ ಗಾಳಿ ಒಳಕ್ಕೆ ಎಳೆಯುತ್ತದೆ. ಒಂದೇ ಲಾರಿಯಾದರೆ ಪರವಾಗಿಲ್ಲ, ನಿಂತು ಟೋಪಿ ಹಿಡಿದುಕೊಂಡರೆ ಸಾಕು. ಸಾಲಾಗಿ ನಾಲ್ಕು ಬಂದರೆ ಕುಡಿದವಳ ಹಾಗೆ ತೂರಾಡುತ್ತೇನೆ. ಗಂಟೆಗೆ 100 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 28 ಮೀಟರ್ ಬರುತ್ತದೆ. ಚಾಲಕ ಎರಡೇ ಸೆಕೆಂಡು ಫೋನ್ ನೋಡಿದರೆ 56 ಮೀಟರ್ ದೂರ ನಾನು ಅವನ ಲೋಕದಲ್ಲಿ ಇಲ್ಲ.

ಹಗಲು ಒಳ್ಳೆಯದಿತ್ತು ಅನ್ನಬೇಕು. ಒಬ್ಬರು ಗಾಡಿ ನಿಲ್ಲಿಸಿ, ಏನೂ ಕೇಳದೆ ಡಬ್ಬಿಗೆ ಹಣ ಹಾಕಿ ಹೋದರು. ಒಬ್ಬ ಲಾರಿ ಚಾಲಕ ತನ್ನ ಮಗುವಿನ ಫೋಟೋ ತೋರಿಸಿದ. ತಲೆ ಬೋಳಾಗಿತ್ತು, ನಗುತ್ತಿತ್ತು. ಚಿಕಿತ್ಸೆ ಮುಗಿದು ಎರಡು ವರ್ಷ ಆಯ್ತು ಅಂದ. ಅಷ್ಟು ದಿನದ ನೋವು ಹತ್ತು ನಿಮಿಷ ಎಲ್ಲಿ ಹೋಯಿತೋ.

ಇಂಥದ್ದಕ್ಕೇ ನಡೆಯುವುದು. ಕೆಲವರು ಕೇಳುತ್ತಾರೆ, ಹಣ ಕೂಡಿಸೋಕೆ ರಸ್ತೆಗೇ ಯಾಕೆ ಇಳಿಯಬೇಕು? ನ್ಯಾಯವಾದ ಪ್ರಶ್ನೆ. 2020ರಲ್ಲಿ ಬ್ರಿಟನ್ನಿನ ಟಾಮ್ ಮೂರ್ ತಮ್ಮ 99ನೇ ವಯಸ್ಸಿನಲ್ಲಿ, ಚಕ್ರದ ಊರುಗೋಲು ಹಿಡಿದು, ಮನೆಯ ತೋಟದಲ್ಲೇ 25 ಮೀಟರಿನ ನೂರು ಸುತ್ತು ನಡೆದರು. ಆರೋಗ್ಯ ಸೇವೆಯವರಿಗಾಗಿ ಸಾವಿರ ಪೌಂಡ್ ಕೂಡಿಸಬೇಕು ಅಂದುಕೊಂಡಿದ್ದರು, 3 ಕೋಟಿ ಪೌಂಡಿಗೂ ಹೆಚ್ಚು ಬಂತು. ತೋಟದ ಗೇಟೂ ದಾಟಲಿಲ್ಲ! ಆದರೆ ಅವರ ಸಂಕಟದ ಕಾಲ ಬೇರೆ, ಎಲ್ಲರೂ ಮನೆಯೊಳಗೇ ಇದ್ದರು. ಜನ ಇರುವಲ್ಲಿಗೆ ಹೋಗಿ ಕೇಳಬೇಕಾದವರು ನಡೆದೇ ಹೋಗಿದ್ದಾರೆ. ವಿನೋಬಾ ಭಾವೆ 1951ರಲ್ಲಿ ಪೋಚಂಪಲ್ಲಿಯಲ್ಲಿ ಮೊದಲ ಭೂದಾನ ಪಡೆದ ಮೇಲೆ ವರ್ಷಗಟ್ಟಲೆ ನಡೆದರು, ಊರಿಂದ ಊರಿಗೆ. ನಡೆದು ಬಂದವರ ಮುಂದೆ ಜನ ಬಾಯಿ ಬಿಡುತ್ತಾರೆ. ಕಾರಿನಲ್ಲಿ ಬಂದಿದ್ದರೆ ಆ ಚಾಲಕ ಫೋಟೋ ತೋರಿಸುತ್ತಿರಲಿಲ್ಲ.

ನಮ್ಮಂಥವರೆಲ್ಲ ಹೆಸರು ಹೇಳಿಕೊಂಡು ಹೊರಡುವುದು ಟೆರ್ರಿ ಫಾಕ್ಸ್‌ನದು. ಕೆನಡಾದ ಹುಡುಗ. ಮೂಳೆ ಕ್ಯಾನ್ಸರ್ ಬಂದು 1977ರಲ್ಲಿ ಬಲಗಾಲನ್ನು ಮಂಡಿಯ ಮೇಲಕ್ಕೆ ತೆಗೆದರು. 1980ರ ಏಪ್ರಿಲ್ 12ರಂದು ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದ ನೀರಿನಲ್ಲಿ ಅದ್ದಿ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ದೇಶದ ಆ ತುದಿಯವರೆಗೆ ಓಟ ಶುರು ಮಾಡಿದ. ದಿನಕ್ಕೆ ಸುಮಾರು ಒಂದು ಮ್ಯಾರಥಾನ್ ದೂರ. ಸೆಪ್ಟೆಂಬರ್ 1ಕ್ಕೆ ನಿಲ್ಲಿಸಬೇಕಾಯಿತು, ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. ಅಷ್ಟರಲ್ಲಿ 143 ದಿನ, 5,373 ಕಿಲೋಮೀಟರ್ ಆಗಿತ್ತು. ಮುಂದಿನ ವರ್ಷ ಜೂನ್‌ನಲ್ಲಿ ತೀರಿಕೊಂಡ. 22 ವರ್ಷ.

ಈ ಕಥೆ ಎಲ್ಲರಿಗೂ ಗೊತ್ತು. ಕಡಿಮೆ ಜನ ಹೇಳುವ ಒಂದು ಮಾತಿದೆ, ನಿಮಗೆ ಅದು ಬೇಕು. ಕ್ವಿಬೆಕ್ ಪ್ರಾಂತ್ಯದಲ್ಲಿ ವಾಹನದವರು ಅವನನ್ನು ಮತ್ತೆ ಮತ್ತೆ ರಸ್ತೆಯಿಂದ ಕೆಳಕ್ಕೆ ಇಳಿಸುತ್ತಿದ್ದರು. ಅವನು ಬೇಸತ್ತು ಹೋಗಿದ್ದ. ಒಂಟಿ ಕಾಲು, ಅಟ್ಟಿಸಿಕೊಂಡು ಬರುವ ರೋಗ, ಇಷ್ಟನ್ನೂ ಸಹಿಸಿದ ಹುಡುಗನಿಗೆ ರಸ್ತೆಯ ಅಂಚು ಸಹಿಸಲು ಕಷ್ಟವಾಯಿತು. ಮುಂದೆ ಒಂಟಾರಿಯೊದಲ್ಲಿ ಪೊಲೀಸರು ಬೆಂಗಾವಲು ಕೊಟ್ಟರು. ಆಮೇಲೆ ಅವನು ನಿಂತ ಆ ಕಡೆಯ ಹೆದ್ದಾರಿಯ 83 ಕಿಲೋಮೀಟರಿಗೆ ಅವನದೇ ಹೆಸರಿಟ್ಟರು.

ಬೆಂಗಾವಲು ಬೇಡ ಅಂತ ನಾನು ಬರೆದುಕೊಟ್ಟಿದ್ದೇನೆ, ನಿಮಗೆ ನೆನಪಿರಬಹುದು. ಜಂಬ ಅಂದುಕೊಂಡಿರೇನೋ. ಎರಡನೇ ವಾರ ಒಂದು ಕಡೆ ಬೆಂಗಾವಲು ಬಂದಿತ್ತು. ಹಿಂದೆ ದೀಪ ಮಿನುಗಿಸುವ ಜೀಪು. ನಾನು ಮಹಾರಾಣಿಯ ಹಾಗೆ ಡಾಂಬರಿನ ಮೇಲೆ ನಡೆಯುತ್ತಿದ್ದೆ. ಆಗ ಅಂಚಿನ ತಗ್ಗಿನಲ್ಲಿ ಇನ್ನೊಂದಷ್ಟು ಜನ ನಡೆಯುತ್ತಿರುವುದು ಕಂಡಿತು. ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ಕೆಲಸದವರು. ಕೋಲೂರಿಕೊಂಡು ಹೋಗುತ್ತಿದ್ದ ಒಬ್ಬ ಮುದುಕ. ನಮ್ಮ ಜೀಪು ಬಂದಾಗ ಅವರು ಇನ್ನೂ ಕೆಳಕ್ಕೆ, ಮುಳ್ಳಿನ ಕಡೆಗೆ ಸರಿದರು. ನನಗೆ ದಾರಿ ಬಿಡಲು! ಅವತ್ತೇ ಬೇಡ ಅಂದೆ. ಹೊಳೆಯುವ ಜಾಕೆಟ್ ಹಾಕಿಕೊಂಡು, ಎದೆಗೆ ಬೋರ್ಡು ತೂಗಿಸಿಕೊಂಡು ವರ್ಷದಲ್ಲಿ ಒಮ್ಮೆ ಬರುವವಳಿಗೆ ಪೊಲೀಸರು. ದಿನವೂ ನಡೆಯುವವರಿಗೆ ಜಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11 ಲಕ್ಷ 90 ಸಾವಿರ ಜನ ಸಾಯುತ್ತಾರೆ. ಅದರಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಕಾಲ್ನಡಿಗೆಯವರು. ನಡೆಯುವವರ ಸುರಕ್ಷತೆಯ ಕನಿಷ್ಠ ಮಟ್ಟವನ್ನೂ 80% ರಸ್ತೆಗಳು ಮುಟ್ಟುವುದಿಲ್ಲ ಅಂತಲೂ ಅದೇ ವರದಿ ಹೇಳುತ್ತದೆ. ನಿಮ್ಮ ಮೇಜಿನ ಮೇಲೆ ಇದು ಬಂದಿರುತ್ತದೆ. ನಾನು ಹೊಸದಾಗಿ ಹೇಳುವುದೇನೂ ಇಲ್ಲ, ನಿನ್ನೆ ಸಂಜೆ ಕಂಡದ್ದನ್ನು ಬಿಟ್ಟು.

ಸಂಜೆ ನಾಲ್ಕೂವರೆ. 27ನೇ ಕಿಲೋಮೀಟರ್. ನದಿಗೆ ಒಂದು ಸೇತುವೆ. ಎರಡು ಕಡೆಗೂ ಬಿಳಿ ಗೆರೆ ಮುಗಿಯುತ್ತಿದ್ದ ಹಾಗೇ ಗೋಡೆ ಶುರು. ಪಕ್ಕ ಅನ್ನೋದೇ ಇಲ್ಲ. ನನ್ನ ತಮ್ಮ ಕಾರಿನಲ್ಲಿ ಮುಂದೆ ಹೋಗಿದ್ದ, ಆಚೆ ದಡದಲ್ಲಿ ಕಾಯುತ್ತಿದ್ದ. ಸೇತುವೆ ಮೇಲೆ ನಿಲ್ಲಿಸುವ ಹಾಗಿಲ್ಲವಲ್ಲ. ಹೆಜ್ಜೆ ಲೆಕ್ಕ ಹಾಕಿದ್ದೇನೆ, ಉದ್ದ ಸುಮಾರು 140 ಮೀಟರ್. ನನ್ನ ನಡಿಗೆಗೆ ನೂರು ಸೆಕೆಂಡು. ಅಷ್ಟರೊಳಗೆ 100ರ ವೇಗದ ವಾಹನ ಎರಡು ಮುಕ್ಕಾಲು ಕಿಲೋಮೀಟರ್ ದೂರದಿಂದ ಬಂದು ನನ್ನನ್ನು ಮುಟ್ಟುತ್ತದೆ. ಅಲ್ಲಿ ರಸ್ತೆ ಕಾಣುವುದು ಅರ್ಧ ಕಿಲೋಮೀಟರ್, ಆಮೇಲೆ ತಿರುವು. ಅಂದರೆ ರಸ್ತೆ ಖಾಲಿ ಇದೆ ಅಂತ ನೋಡಿ ಇಳಿದರೂ ಪ್ರಯೋಜನ ಇಲ್ಲ.

ಹತ್ತು ನಿಮಿಷ ನಿಂತೆ. ಹಿಂದಿನಿಂದ ಒಂದು ಹುಡುಗಿ ಬಂದಳು. ಹನ್ನೊಂದು ಹನ್ನೆರಡು ವರ್ಷ ಇರಬಹುದು. ಶಾಲೆ ಮುಗಿಸಿ ಮನೆಗೆ ಹೊರಟಿದ್ದಳು. ನನ್ನ ಬೋರ್ಡು ಓದಿದಳು, ಶೂ ನೋಡಿದಳು.

"ದಾಟಬೇಕಾ ಆಂಟಿ?"

"ಹೂಂ. ಹೇಗೆ ಅಂತ ಗೊತ್ತಾಗ್ತಿಲ್ಲ."

"ಬನ್ನಿ, ನಂಗೊತ್ತು."

ಅವಳು ಹೇಳಿಕೊಟ್ಟಳು. ಬ್ಯಾಗ್ ಬೆನ್ನಿಗೆ ಬೇಡ, ಲಾರಿಯ ಹಗ್ಗಕ್ಕೆ ಸಿಕ್ಕಿಕೊಳ್ಳತ್ತೆ, ಗೋಡೆ ಕಡೆಯ ಕೈಯಲ್ಲಿ ಹಿಡ್ಕೊಳ್ಳಿ. ಕಣ್ಣು ನಂಬಬೇಡಿ, ಕಿವಿ ಇಟ್ಟುಕೊಳ್ಳಿ. ಸೇತುವೆಯ ಆ ತುದಿಯಲ್ಲಿ ಕಬ್ಬಿಣದ ಜಾಯಿಂಟ್ ಇದೆ. ಕಾರು ಹತ್ತಿದರೆ ಚಿಕ್ಕದಾಗಿ ಟಕ್ ಟಕ್ ಅನ್ನತ್ತೆ. ಜೋರಾಗಿ ಅಂದ್ರೆ ದೊಡ್ಡ ಗಾಡಿ. ಅಂದ ತಕ್ಷಣ ನಿಂತು ಗೋಡೆಗೆ ಅಂಟಿಕೊಳ್ಳಿ, ಹೊಟ್ಟೆ ಒಳಗೆ ಎಳ್ಕೊಳ್ಳಿ, ಉಸಿರು ಬಿಡಬೇಡಿ. ಅದು ಹೋದ ಮೇಲೆ ಓಡಿ.

ಓಡಿದೆವು. 27 ಕಿಲೋಮೀಟರ್ ನಡೆದ ಕಾಲಿನಲ್ಲಿ ಓಡುವುದು ಅಂದರೆ ಏನು ಅಂತ ಕೇಳಬೇಡಿ. ನಡುವೆ ಎರಡು ಸಲ ಜಾಯಿಂಟ್ ಜೋರಾಗಿ ಸದ್ದು ಮಾಡಿತು. ಎರಡು ಸಲವೂ ಅವಳು ಕೈ ಚಾಚಿ ನನ್ನನ್ನು ಗೋಡೆಗೆ ಒತ್ತಿ ಹಿಡಿದಳು. ನನ್ನ ವಯಸ್ಸೇನು, ಅವಳ ವಯಸ್ಸೇನು! ಮಕ್ಕಳನ್ನು ಹಾಗೆ ಒತ್ತಿ ಹಿಡಿದು ಸೂಜಿ ಚುಚ್ಚಿದ್ದೇನೆ, ಮಗುವೊಂದು ನನ್ನನ್ನು ಹಾಗೆ ಹಿಡಿದದ್ದು ಇದೇ ಮೊದಲು.

ಆಚೆ ಹೋದ ಮೇಲೆ ಯಾರು ಕಲಿಸಿದರು ಅಂತ ಕೇಳಿದೆ. "ಅಕ್ಕ" ಅಂದಳು. ಅಕ್ಕನಿಗೆ ಯಾರು ಅಂತ ಅವಳಿಗೆ ಗೊತ್ತಿರಲಿಲ್ಲ. ನನ್ನ ಡಬ್ಬಿಗೆ ಒಂದು ನಾಣ್ಯ ಹಾಕಿ ಹೋದಳು. ಬೇಡ ಅನ್ನಲು ಬಾಯಿ ಬರಲಿಲ್ಲ.

ಸ್ವಾಮಿ, ಹೆದ್ದಾರಿ ನಡೆಯೋಕೆ ಅಲ್ಲ ಅಂತ ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಬೇಲಿ ಹಾಕಿದ, ವಾಹನಕ್ಕೇ ಅಂತ ಕಟ್ಟಿದ ರಸ್ತೆಗೆ ಅದು ಸರಿ, ಅಂಥ ಕಡೆ ನಾನೂ ಸುತ್ತು ಹಾಕಿಕೊಂಡೇ ಬಂದಿದ್ದೇನೆ. ಆದರೆ ಹಳೇ ದಾರಿಯನ್ನೇ ಅಗಲ ಮಾಡಿ ಹೆದ್ದಾರಿ ಅಂತ ಹೆಸರಿಟ್ಟ ಕಡೆ, ಹಾಗೆ ಹೇಳುವ ಹಕ್ಕು ನಿಮಗಿಲ್ಲ ಅನಿಸುತ್ತದೆ. ಆ ಹುಡುಗಿಯ ಮನೆಗೆ ಬೇರೆ ದಾರಿ ಇಲ್ಲ. ದಾರಿ ಅಲ್ಲೇ ಇತ್ತು, ಅದರ ಮೇಲೆ ನೀವು ಬಂದಿರಿ.

ಕೇಳುವುದು ದೊಡ್ಡದೇನಲ್ಲ. ಡಾಂಬರಿನ ಮಟ್ಟಕ್ಕೇ ಇರುವ, ಗಟ್ಟಿಯಾದ ಒಂದೂವರೆ ಮೀಟರ್ ಅಂಚು. ಮತ್ತೆ ಡಾಂಬರು ಹಾಕಿದಾಗ ಅಂಚನ್ನೂ ಏರಿಸಿ. ತಡೆಬೇಲಿ ಹಾಕುವಾಗ ಅದರ ಆಚೆ ನಡೆಯಲು ಜಾಗ ಉಳಿಸಿ, ಈಗ ನೀವು ಅದನ್ನು ನಮಗೂ ಹಳ್ಳಕ್ಕೂ ನಡುವೆ ಹಾಕುತ್ತಿದ್ದೀರಿ, ವಾಹನ ಬಂದರೆ ಹಾರುವುದೆಲ್ಲಿಗೆ? ಸೇತುವೆಗೆ ಒಂದು ಕಾಲುದಾರಿ. ಊರಿನ ಹತ್ತಿರ ವೇಗ ಇಳಿಸಿ. ಕಾರು ಗುದ್ದುವ ವೇಗ 50ರಿಂದ 65ಕ್ಕೆ ಏರಿದರೆ ನಡೆಯುವವರು ಸಾಯುವ ಅಪಾಯ ನಾಲ್ಕೂವರೆ ಪಟ್ಟು ಆಗುತ್ತದೆ, ಇದೂ ವಿಶ್ವ ಆರೋಗ್ಯ ಸಂಸ್ಥೆಯದೇ ಲೆಕ್ಕ. ಅರ್ಜಿಯಲ್ಲಿ ಒಂದು ಕಾಲಂ ಸೇರಿಸಿದರೆ ಸಂತೋಷ, ಅದು ಕೊನೆಗಾದರೂ ನಡೆಯುತ್ತದೆ.

ಇನ್ನೊಂದು. ನಿಮ್ಮಲ್ಲಿ ಯಾರಾದರೂ ಒಬ್ಬರು ಒಂದು ದಿನ ನನ್ನ ಜೊತೆ ನಡೆಯಿರಿ. 29 ಬೇಡ, ಹತ್ತು ಕಿಲೋಮೀಟರ್ ಸಾಕು. ಕ್ಯಾಮೆರಾ, ಹಾರ ಏನೂ ಬೇಡ. ಶೂ ಒಂದು ಸೈಜು ದೊಡ್ಡದು ತನ್ನಿ, ಟೇಪ್ ನನ್ನ ಹತ್ತಿರ ಇದೆ. ನಾನು ದಿನಾ ಬೆಳಗ್ಗೆ ಐದಕ್ಕೆ ಹೊರಡುತ್ತೇನೆ.

ನಡಿಗೆಗೆ ಪುರುಸೊತ್ತು ಇಲ್ಲದಿದ್ದರೆ ಸೇತುವೆಗಾದರೂ ಬನ್ನಿ. ಅದು ಎಷ್ಟನೇ ಕಿಲೋಮೀಟರ್ ಕಲ್ಲಿನ ಹತ್ತಿರ ಅಂತ ನಿಮ್ಮ ಕಚೇರಿಗೆ ಬೇರೆ ಬರೆದು ಕಳಿಸಿದ್ದೇನೆ. ಆ ಹುಡುಗಿ ನಾಳೆ ಬೆಳಗ್ಗೆ ಏಳೂವರೆಗೆ ಈ ಕಡೆಯಿಂದ ಆ ಕಡೆಗೆ ದಾಟುತ್ತಾಳೆ. ಬ್ಯಾಗ್ ಗೋಡೆ ಕಡೆಯ ಕೈಯಲ್ಲಿ ಇರುತ್ತದೆ.

ಇತಿ,
43ನೇ ದಿನದ ಸಂಜೆ,
ಅರ್ಜಿಯಲ್ಲಿ 'ಎರಡು ಕಾಲು' ಅಂತ ಬರೆದವಳು